ಎಣ್ಣೆಯ ಕೈ, ಹಾಡಿನ ಪ್ಲೇಟು

ನಮ್ಮ ಮನೆಗೆ ಬಂದವರಿಗೆ ಅವ್ವ ಖಾರ, ಅಂದರೆ ಕರಿದ ಸೇವು, ಕೊಡುವುದು ಕಪ್ಪು ಬಟ್ಟಲಿನಲ್ಲಿ. ಅಂಚು ಹೂವಿನ ಎಸಳಿನ ಹಾಗೆ ಮಡಚಿಕೊಂಡಿರುತ್ತದೆ, ಬೆಳಕು ಬಿದ್ದರೆ ಮೈಯೆಲ್ಲ ಸಣ್ಣ ಗೆರೆಗಳಾಗಿ ಹೊಳೆಯುತ್ತದೆ. ತಳದಲ್ಲಿ ಒಂದು ತೂತು ಇರುತ್ತದೆ. ಖಾರದ ಚೂರು ಉದುರಬಾರದೆಂದು ಅವ್ವ ಅದರ ಮೇಲೆ ವೀಳ್ಯದೆಲೆ ಹಾಸುತ್ತಾಳೆ. ಸವಣೂರಿನಲ್ಲಿ ಎಲೆಗೇನು ಬರವೇ? ಬಂದವರು ಬಟ್ಟಲನ್ನು ಅತ್ತಿತ್ತ ತಿರುಗಿಸಿ, ಬಹಳ ಚೆನ್ನಾಗಿದೆ, ಎಲ್ಲಿ ತಂದಿರಿ ಎಂದು ಕೇಳುತ್ತಾರೆ. ಮನೆಯಲ್ಲೇ ಮಾಡಿದ್ದು ಎನ್ನುತ್ತಾಳೆ ಅವ್ವ. ಹಾಗೆನ್ನುವಾಗ ಅವಳು ನೋಡುವುದು ಬಂದವರನ್ನಲ್ಲ, ಪಡಸಾಲೆಯ ಮಂಚವನ್ನು.

ಮಂಚದ ಮೇಲೆ ಅಪ್ಪ ಇದ್ದಾನೆ. ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಹೋಗಿವೆ. ಮುಖದ ಅರ್ಧ ಕೆಳಗಿಳಿದಿದೆ. ಕಣ್ಣು ಕಿವಿ ಮಾತ್ರ ನೆಟ್ಟಗಿವೆ. ಅವು ನೆಟ್ಟಗಿರುವುದೇ ಅವನ ಗ್ರಹಚಾರ, ಯಾಕೆಂದರೆ ಆ ಬಟ್ಟಲುಗಳೆಲ್ಲ ಅವನು ಜೀವಮಾನವಿಡೀ ಕೂಡಿಸಿದ ಸಿನಿಮಾ ರೆಕಾರ್ಡುಗಳು.

ನಾನು ಅವರ ಒಬ್ಬಳೇ ಮಗಳು. ಮದುವೆಯಾಗಿ ಶಿಗ್ಗಾಂವಿಗೆ ಹೋದೆ. ಆದರೂ ದಿನಾ ಮುಂಜಾನೆಯ ಬಸ್ಸಿಗೆ ಸವಣೂರಿಗೆ ಬಂದು, ಅವ್ವನ ಜೊತೆ ಖಾರದ ಅಂಗಡಿ ನೋಡಿಕೊಂಡು ಸಂಜೆಗೆ ಹೊರಡುತ್ತೇನೆ. ಆದ್ದರಿಂದ ಈ ಮನೆಯಲ್ಲಿ ನಡೆದದ್ದಕ್ಕೆಲ್ಲ ನಾನೇ ಸಾಕ್ಷಿ. ಇಬ್ಬರ ಮೇಲೂ ನನಗೆ ಸಿಟ್ಟಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮನೆಗೆ ಅಂಟಿಕೊಂಡೇ ಇದ್ದ ಅಂಗಡಿ ನಡೆಯುತ್ತಿದ್ದ ರೀತಿ ಹೀಗಿತ್ತು: ಗಲ್ಲಾದ ಮೇಲೆ ಕೂಡುವುದು ಅಪ್ಪ, ಒಲೆಯ ಮುಂದೆ ಬೇಯುವುದು ಅವ್ವ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ನಮ್ಮಲ್ಲಿ ಕೆಸರೆಲ್ಲ ಅವ್ವನ ಕೈಗೆ, ಮೊಸರೆಲ್ಲ ಅಪ್ಪನ ಬಾಯಿಗೆ. ಹಿಟ್ಟು ಕಲಸುವುದು, ಒರಳಿಗೆ ತುಂಬಿ ಒತ್ತುವುದು, ಕುದಿಯುವ ಎಣ್ಣೆಯಿಂದ ಜಾಲರಿ ಸೌಟಿನಲ್ಲಿ ಎತ್ತುವುದು, ಎಲ್ಲ ಅವಳೇ. ಅವಳ ಸೀರೆ, ಕೂದಲು, ಹಾಸಿಗೆ ಎಲ್ಲಕ್ಕೂ ಕರಿದ ಕಡಲೆಹಿಟ್ಟಿನ ವಾಸನೆ. ಅಪ್ಪ ಮಾತ್ರ ಇಸ್ತ್ರಿ ಅಂಗಿ ತೊಟ್ಟು, ಪೌಡರು ಹಚ್ಚಿಕೊಂಡು, ಮಧ್ಯಾಹ್ನವಾದರೆ ರೆಕಾರ್ಡು ಹುಡುಕುತ್ತ ಊರೂರು ಅಲೆಯಲು ಹೊರಡುತ್ತಿದ್ದ.

ಆಗ ಮೈಕ್ ಸೆಟ್ಟಿನವರೆಲ್ಲ ಕ್ಯಾಸೆಟ್ಟಿಗೆ ಹೋಗಿ, ಆಮೇಲೆ ಅದನ್ನೂ ಬಿಟ್ಟು, ಮದುವೆ ಮುಂಜಿಗಳಲ್ಲಿ ಹಚ್ಚುತ್ತಿದ್ದ ರೆಕಾರ್ಡುಗಳನ್ನು ಅಟ್ಟಕ್ಕೆ ಎಸೆದಿದ್ದರು. ಹಾನಗಲ್ಲಿನಲ್ಲಿ ಒಂದು ಪೆಟ್ಟಿಗೆ, ಅಕ್ಕಿಆಲೂರಿನ ಅಕ್ಕಿ ಗಿರಣಿಯ ಹಿಂದೆ ಒಂದು ಚೀಲ, ಬಂಕಾಪುರದಲ್ಲಿ ಕೋಳಿಗೂಡಿನ ಮೇಲೆ ಒಂದು ಕಟ್ಟು. ಅಪ್ಪ ಎಲ್ಲವನ್ನೂ ಮೂಸಿ ಹಿಡಿಯುತ್ತಿದ್ದ. ಸಿನಿಮಾ ಹಾಡಿನವು ಸರಿ, ಇಡೀ ಸಿನಿಮಾದ ಮಾತುಕತೆ ತುಂಬಿದ ದೊಡ್ಡ ಪ್ಲೇಟುಗಳೂ ಇದ್ದವು. ಊರಿಗೆ ಟಿ.ವಿ. ಬಂದ ಹೊಸದರಲ್ಲಿ ಬರುತ್ತಿದ್ದ ಒಂದು ಧಾರಾವಾಹಿಯ ಹಾಡುಗಳ ರೆಕಾರ್ಡೂ ಇತ್ತು. ಅದು ಈ ನಾಲ್ಕು ತಾಲೂಕಿನಲ್ಲಿ ಯಾರ ಬಳಿಯೂ ಇಲ್ಲ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಇರಬಹುದು, ಬೇಕು ಎಂದವರೂ ಯಾರೂ ಇರಲಿಲ್ಲ.

ತಂದ ರೆಕಾರ್ಡುಗಳ ಸ್ಥಿತಿ ಮಾತ್ರ ನೋಡುವ ಹಾಗಿರುತ್ತಿರಲಿಲ್ಲ. ಒಂದರ ಮೇಲೆ ಚಹಾ ಚೆಲ್ಲಿದ್ದು, ಒಂದಕ್ಕೆ ಕುಂಕುಮ ಮೆತ್ತಿದ್ದು, ಇನ್ನೊಂದಕ್ಕೆ ಮದುವೆ ಮನೆಯ ಎಣ್ಣೆ ಬಜ್ಜಿಯ ಸಮೇತ ಒಣಗಿ ಅಂಟಿಕೊಂಡದ್ದು. ಅಪ್ಪ ಅವನ್ನು ಅಂಟುವಾಳಕಾಯಿಯ ನೀರಿನಲ್ಲಿ ಅದ್ದಿ, ಮೆತ್ತನೆಯ ಧೋತರದ ತುಂಡಿನಿಂದ ಸುತ್ತ ಸುತ್ತ ಒರೆಸುತ್ತಿದ್ದ. ಮದುಮಗನಿಗೆ ಎರೆದಂತೆ ಎರೆಯುತ್ತಿದ್ದ. ಎಂಥ ಜಿಡ್ಡಿದ್ದರೂ ಹೋಗಿ ಪ್ಲೇಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆ ಅಂಟುವಾಳದ ಕಾಯಿ ಒಡೆದು ಕುದಿಸಿ ಸೋಸಿ ಕೊಡುತ್ತಿದ್ದವಳು ಅವ್ವ. ಬಕೆಟ್ಟನ್ನು ಹೊಸ್ತಿಲಾಚೆ ಇಟ್ಟು ಹಿಂದೆ ಸರಿಯಬೇಕು, ಅಷ್ಟೇ. ಒಳಗೆ ಬರುವ ಹಾಗಿಲ್ಲ.

ರೆಕಾರ್ಡಿನ ಕೋಣೆಗೆ ಅವ್ವನಿಗೆ ಪ್ರವೇಶವಿರಲಿಲ್ಲ. ಅವಳದು ಎಣ್ಣೆಯ ಕೈ ಎಂಬುದು ಅಪ್ಪನ ಕಾರಣ. ಎಣ್ಣೆಯ ಬೆರಳು ತಾಗಿದರೆ ಗೆರೆಯಲ್ಲಿ ಇಳಿದುಬಿಡುತ್ತದೆ, ಧೂಳು ಹಿಡಿಯುತ್ತದೆ, ಹಾಡು ಸತ್ತೇ ಹೋಗುತ್ತದೆ ಎನ್ನುತ್ತಿದ್ದ. ನನಗೆ ಮಾತ್ರ ಕಲಿಸಿದ್ದ. ಎರಡು ಅಂಗೈಗಳ ನಡುವೆ ಅಂಚನ್ನಷ್ಟೇ ಹಿಡಿಯಬೇಕು, ಮೈಗೆ ಬೆರಳು ಸೋಕಬಾರದು, ಕಿಟಕಿಯ ಕಡೆ ಓರೆ ಮಾಡಿ ಗೀರು ನೋಡಬೇಕು. ನನಗೆ ಅದೆಲ್ಲ ಬಹಳ ಇಷ್ಟವಾಗಿತ್ತು. ಈಗಲೂ ಇಷ್ಟವೇ. ರೆಕಾರ್ಡಿನ ಮೇಲೆ ಮುಳ್ಳು ಇಳಿದು, ಹಾಡು ಶುರುವಾಗುವ ಮೊದಲು ಬರುವ ಆ ಸಣ್ಣ ಚರಚರ ಸದ್ದಿಗೆ ನನ್ನ ಮೈ ಇವತ್ತಿಗೂ ಜುಮ್ಮೆನ್ನುತ್ತದೆ. ಅವ್ವನಿಗೆ ಆ ಕೋಣೆಯಿಂದ ಸಿಕ್ಕಿದ್ದು ಮುಚ್ಚಿದ ಬಾಗಿಲು ದಾಟಿ ಬಂದಷ್ಟು. ಅದೂ ಎಣ್ಣೆಯ ಚೊಂಯ್ ಸದ್ದಿನಲ್ಲಿ ಅರ್ಧ ಮುಳುಗಿ ಹೋಗುತ್ತಿತ್ತು.

ಅವಳು ಇಡೀ ಜನ್ಮದಲ್ಲಿ ಬೇಕೆಂದು ಕೇಳಿದ್ದು ಒಂದೇ ಹಾಡು.

ಅವ್ವನ ತವರು ಹಾನಗಲ್ಲು. ಮದುವೆ ಆದದ್ದೂ ಅಲ್ಲೇ. ಮದುಮಗಳನ್ನು ಕಳಿಸಿಕೊಡುವ ಹೊತ್ತಿಗೆ ಮೈಕ್ ಸೆಟ್ಟಿನವನು ಅದಕ್ಕೆಂದೇ ಇಟ್ಟಿದ್ದ ಒಂದು ಸಿನಿಮಾ ಹಾಡು ಹಚ್ಚುತ್ತಿದ್ದ, ಅದನ್ನು ಕೇಳಿದರೆ ಕಲ್ಲಿನಂಥ ಮಾವಂದಿರೂ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಅವ್ವ ಗಾಡಿ ಹತ್ತಿ ಅಳುವುದಕ್ಕೂ ಹಾಡು ನಡುವೆ ಒಂದು ಸಾಲಿಗೆ ಸಿಕ್ಕಿಕೊಳ್ಳುವುದಕ್ಕೂ ಸರಿಹೋಯಿತು. ಅದೇ ಸಾಲು, ಮತ್ತೆ ಅದೇ ಸಾಲು. ಮೈಕಿನವನು ಊಟಕ್ಕೆ ಹೋಗಿದ್ದ. ಅಳುತ್ತಿದ್ದ ಜನರೆಲ್ಲ ನಗತೊಡಗಿದರು, ಅವ್ವನೂ ಅಳುತ್ತಲೇ ನಕ್ಕುಬಿಟ್ಟಳಂತೆ. ಗಾಡಿ ಊರು ದಾಟುವವರೆಗೂ ಆ ಸಾಲು ಬೆನ್ನಿಗೆ ಬರುತ್ತಿತ್ತು, ಹಾಡಿನ ಕೊನೆ ಮಾತ್ರ ಕೇಳಲೇ ಇಲ್ಲ ಎಂದು ನನಗೆ ಎಷ್ಟೋ ಸಲ ಹೇಳಿದ್ದಾಳೆ.

ಎಷ್ಟೋ ವರ್ಷಗಳ ಮೇಲೆ ಅಪ್ಪ ಆ ಮೈಕಿನವನ ಮನೆಯಿಂದಲೇ ಆ ರೆಕಾರ್ಡು ತಂದ. ಅದೇ ಗೀರು, ಅದೇ ಸಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಅಪ್ಪನಿಗೆ ಬೇಕಾದದ್ದು ಹಾಡಲ್ಲ, ಅದರ ಕತೆ. ಗೆಳೆಯರು ಬಂದಾಗ, ಇದು ನಮ್ಮ ಮದುವೆಯ ಗೀರು ಎಂದು ಹೇಳಿ, ಹಚ್ಚಿ, ಸಿಕ್ಕಿಕೊಂಡಾಗ ಎಲ್ಲರೂ ನಕ್ಕ ಮೇಲೆ ಮುಳ್ಳು ಎತ್ತಿಬಿಡುತ್ತಿದ್ದ. ಮುಂದಿನದು ಬೇಕಿರಲಿಲ್ಲ, ತಮಾಷೆ ಅಲ್ಲಿಗೇ ಮುಗಿಯುತ್ತಿತ್ತು.

ಒಂದು ದಿನ ಹಾಗೇ ನಾಲ್ಕಾರು ಜನ ಕೂತಿದ್ದರು. ನಾನೂ ಒಳಗಿದ್ದೆ. ಅವ್ವ ಚಹಾ ತಂದು ಹೊಸ್ತಿಲಾಚೆ ಇಟ್ಟವಳು ಹೋಗದೆ ನಿಂತಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಕಡಾಯಿ ಸದ್ದಿನಾಗ ಕೇಳಿಸಲಿಲ್ಲ, ಇನ್ನೊಮ್ಮೆ ಹಚ್ಚಿ ಪೂರಾ ಬಿಡ್ರಿ ಎಂದಳು. ಅವಳು ಬಂದವರ ಮುಂದೆ ಬಾಯಿಬಿಟ್ಟು ಏನಾದರೂ ಕೇಳಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಪ್ಪ ರೆಕಾರ್ಡನ್ನು ಕವರಿಗೆ ಸೇರಿಸುತ್ತಲೇ ಹೇಳಿದ:

"ಕೈ ಅಷ್ಟ ಅಂತ ತಿಳಿದಿದ್ನಿ. ನಿನ್ನ ಕಿವ್ಯಾಗೂ ಎಣ್ಣಿ ಹೊಕ್ಕೈತಿ."

ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವನೂ ನಕ್ಕಳು. ನಗದೆ ಏನು ಮಾಡುತ್ತಾಳೆ, ಬಂದವರು ನಗುತ್ತಿದ್ದರು. ಆಮೇಲೆ ಒಳಗೆ ಹೋಗಿ ಕಡಾಯಿಗೆ ಮತ್ತೆ ಹಿಟ್ಟು ಒತ್ತಿದಳು. ಆ ಹಾಡಿನ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅವಳು ಮರೆತಿದ್ದಾಳೆ ಎಂದುಕೊಂಡವರಲ್ಲಿ ನಾನೂ ಒಬ್ಬಳು.

ಅಪ್ಪನಿಗೆ ಲಕ್ವಾ ಹೊಡೆದು ಆಸ್ಪತ್ರೆಯಿಂದ ಮನೆಗೆ ತಂದಾಗ, ಅವರಿಗೆ ಇಷ್ಟವಾದದ್ದನ್ನು ಕಣ್ಣೆದುರು ಇಡಿ, ಮನಸ್ಸು ಗೆಲುವಾಗಿರುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ರೆಕಾರ್ಡುಗಳನ್ನೆಲ್ಲ ಪಡಸಾಲೆಗೆ ತಂದು ಮಂಚದ ಎದುರಿನ ಕಪಾಟಿನಲ್ಲಿ ಜೋಡಿಸಿದೆ. ಪ್ಲೇಯರನ್ನೂ ತಂದಿಟ್ಟೆ, ಆದರೆ ಅದರ ಬೆಲ್ಟು ಹರಿದಿತ್ತು, ಹೊಸದು ಸಿಕ್ಕಿರಲಿಲ್ಲ. ಸಿಗುವ ತನಕ ನೋಡಿಕೊಂಡಾದರೂ ಇರಲಿ ಎಂದುಕೊಂಡೆ. ಅವ್ವ ಅದನ್ನೆಲ್ಲ ಒಲೆಯ ಕಡೆಯಿಂದ ನೋಡುತ್ತಿದ್ದಳು.

ಮರುದಿನ ನಾನು ಬರುವ ಹೊತ್ತಿಗೆ ಅವ್ವ ಮಂಚದ ಎದುರಿಗೇ ಒಲೆ ಹೂಡಿದ್ದಳು. ಅಡಿಗೆಮನೆಯ ಸಣ್ಣ ಗ್ಯಾಸ್ ಒಲೆಯನ್ನು ಅಲ್ಲಿಗೇ ತಂದು, ಬೋಗುಣಿಯಲ್ಲಿ ನೀರು ಕುದಿಯಲು ಇಟ್ಟು, ಅದರ ಮೇಲೆ ಒಂದು ದೊಡ್ಡ ಪ್ಲೇಟನ್ನು ಮುಚ್ಚಳದ ಹಾಗೆ ಮುಚ್ಚಿದ್ದಳು. ಉಗಿ ತಾಗಿ ಪ್ಲೇಟು ಹಪ್ಪಳದ ಹಿಟ್ಟಿನ ಹಾಗೆ ಜೋಲು ಬಿತ್ತು. ಅದನ್ನು ಬಟ್ಟೆ ಹಿಡಿದು ಎತ್ತಿ ಒಂದು ಸ್ಟೀಲ್ ಬಟ್ಟಲಿನೊಳಗೆ ಒತ್ತಿ, ಅಂಚನ್ನು ಮಡಚಿದಳು. ಕಡುಬಿನ ಅಂಚು ಮಡಚುವ ಕೈ ಅದು, ಕಲಿಸಬೇಕಾಗಿರಲಿಲ್ಲ. ಬಹಳ ಹಳೆಯ ಅರಗಿನ ಪ್ಲೇಟುಗಳು ಹೀಗೆ ಬಗ್ಗುತ್ತಿರಲಿಲ್ಲ, ಒಡೆದೇ ಹೋಗುತ್ತಿದ್ದವು. ಅವನ್ನು ಕಸದ ಬುಟ್ಟಿಗೆ ಹಾಕುತ್ತಿದ್ದಳು.

ಏನು ಮಾಡುತ್ತಿದ್ದೀ ಎಂದು ಕೂಗಾಡಿದೆ. ಅವ್ವ ತಲೆಯೆತ್ತದೆ, ಅವ್ರ ಕಣ್ಣೆದುರಿಗೆ ಇಡು ಅಂದಾರಲ್ಲ, ಇಡಾಕತ್ತೇನಿ ಎಂದಳು. ಅಪ್ಪನ ಗಂಟಲಿನಿಂದ ಒಂಥರಾ ಸದ್ದು ಬರುತ್ತಿತ್ತು. ಆಗಿಂದಾಗಲೇ ಎಲ್ಲವನ್ನೂ ಕಟ್ಟಿ ಶಿಗ್ಗಾಂವಿಗೆ ಒಯ್ಯಬಹುದಿತ್ತು, ಒಯ್ಯಲಿಲ್ಲ. ಆ ಕೈಗಳನ್ನು ನೋಡಿದಾಗ ನನ್ನ ಕೂಗಿಗೆ ಬಲವೇ ಬರಲಿಲ್ಲ.

ಆಮೇಲೆ ಅದು ಮನೆಯ ಕೆಲಸಗಳಲ್ಲಿ ಒಂದಾಯಿತು. ಮಧ್ಯಾಹ್ನ ಒಲೆ ಆರಿಸಿ, ಅಪ್ಪನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಕಪಾಟಿನಿಂದ ಎರಡು ರೆಕಾರ್ಡು ತೆಗೆದು ಅವನೆದುರು ಹಿಡಿಯುತ್ತಿದ್ದಳು. "ಯಾವುದು ಇರಲಿ?" ಅಪ್ಪ ಎಡಗೈ ಎತ್ತಿ ಒಂದನ್ನು ತೋರಿಸುತ್ತಿದ್ದ. ಅವ್ವ ಅದನ್ನೇ ಉಗಿಗೆ ಇಡುತ್ತಿದ್ದಳು.

ನನ್ನ ಅಪ್ಪ ದಡ್ಡನಲ್ಲ, ಬೇಗ ಕಲಿತ. ಬೇಕಾದದ್ದನ್ನು ಬಿಟ್ಟು ಬೇಡವಾದದ್ದರ ಕಡೆ ಕೈ ತೋರಿಸತೊಡಗಿದ. ತನಗೆ ಪ್ರಾಣವಾಗಿದ್ದ ಪ್ಲೇಟು ಎದುರು ಬಂದರೆ ಗೋಡೆ ನೋಡುತ್ತಿದ್ದ, ಆಕಳಿಸುತ್ತಿದ್ದ. ಟಿ.ವಿ. ಧಾರಾವಾಹಿಯ ರೆಕಾರ್ಡು ಬಂದಾಗಲಂತೂ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ. ಅವ್ವ ಅವನ ಮುಖವನ್ನೇ ನೋಡುತ್ತ ಕೂತು, ಆ ರೆಕಾರ್ಡನ್ನೇ ಬೋಗುಣಿಯ ಮೇಲೆ ಇಟ್ಟಳು. ಬೇಕಾದದ್ದನ್ನು ಬೇಡ ಎಂದು ನಟಿಸುವ ವಿದ್ಯೆಯಲ್ಲಿ ಅವನು ನಿನ್ನೆ ಮೊನ್ನೆ ಶಾಲೆಗೆ ಸೇರಿದವನು. ಅವಳು ಅದರಲ್ಲೇ ಮುದುಕಿಯಾದವಳು.

ಅವನ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಮಲಮೂತ್ರ ನೋಡುವುದು ಯಾವುದಕ್ಕೂ ಅವ್ವ ಬೇಸರಿಸಲಿಲ್ಲ. ಬೆನ್ನಿಗೆ ಒಂದು ಹುಣ್ಣಾಗಲು ಬಿಟ್ಟಿಲ್ಲ. ಊರವರು ಅವಳನ್ನು ಸತಿ ಸಾವಿತ್ರಿ ಎನ್ನುತ್ತಾರೆ, ಕಪ್ಪು ಬಟ್ಟಲಿನಿಂದ ಖಾರ ತಿನ್ನುತ್ತ.

ಹಾಗಿರುವಾಗ ಹಿರೇಕೆರೂರಿನಿಂದ ಒಬ್ಬರು ಬಂದರು. ಗೊಬ್ಬರದ ಅಂಗಡಿಯವರು, ರೆಕಾರ್ಡಿನ ಹುಚ್ಚಿನಲ್ಲಿ ಅಪ್ಪನಿಗೆ ಹಳೆಯ ಎದುರಾಳಿ. ಹಿಂದೊಮ್ಮೆ ನಮ್ಮ ಮನೆಗೆ ಬಂದು, ಒಂದು ಪ್ಲೇಟಿನ ಮೈಗೆ ಹೆಬ್ಬೆರಳು ಒತ್ತಿ ಹಿಡಿದದ್ದಕ್ಕೆ ಅಪ್ಪ ಅವರನ್ನು ಚಹಾ ಕುಡಿಯಲೂ ಬಿಡದೆ ಎಬ್ಬಿಸಿ ಕಳಿಸಿದ್ದ. ಅಪ್ಪ ಮಲಗಿದ್ದು ಕೇಳಿ ನೋಡಲು ಬಂದೆ ಎಂದರು. ಹದ್ದು ಸತ್ತ ದನವನ್ನು ನೋಡಲು ಬಂದ ಹಾಗೆ ಎಂದುಕೊಂಡೆ. ಪ್ಲೇಯರಿನ ಬೆಲ್ಟು ಹರಿದದ್ದೂ ಕಿವಿಗೆ ಬಿದ್ದಿತ್ತೋ ಏನೋ, ಕೈಯಲ್ಲಿ ಹೊಸ ಬೆಲ್ಟು, ಹೊಸ ಮುಳ್ಳು ಎರಡೂ ಇದ್ದವು.

ಅವ್ವ ಖಾರ ತಂದಿಟ್ಟಳು. ಅವರು ಒಂದು ಮುಕ್ಕು ಬಾಯಿಗೆ ಹಾಕಿಕೊಂಡವರು ಬಟ್ಟಲಿನ ಗೆರೆ ನೋಡಿ ಅಗಿಯುವುದನ್ನು ನಿಲ್ಲಿಸಿದರು. ಖಾರವನ್ನೆಲ್ಲ ಕರ್ಚೀಫಿಗೆ ಸುರಿದುಕೊಂಡು, ತಳದ ವೀಳ್ಯದೆಲೆ ಎತ್ತಿ, ಅದರಡಿಯ ಲೇಬಲ್ಲನ್ನು ಓದಿದರು. ಅದು ಆ ಧಾರಾವಾಹಿಯ ರೆಕಾರ್ಡು. ಆ ಮನುಷ್ಯನ ಕಣ್ಣಲ್ಲಿ ನೀರೇ ಬಂತು. ಲಕ್ವಾ ಹೊಡೆದವನನ್ನು ನೋಡಿ ಬಾರದ ನೀರು.

ಇನ್ನೂ ಉಳಿದಿವೆಯೇ ಎಂದು ಕೇಳಿದರು. ಕಪಾಟಿನ ಮುಕ್ಕಾಲು ಪಾಲು ಹಾಗೇ ಇತ್ತು, ಅವ್ವನಿಗೆ ಅವಸರವಿರಲಿಲ್ಲ. ಎಲ್ಲವನ್ನೂ ತನಗೆ ಕೊಡಿ, ಹೇಳಿದಷ್ಟು ಕೊಡುತ್ತೇನೆ ಎಂದು ಅವರು ಅವ್ವನ ಕಾಲು ಹಿಡಿಯುವುದೊಂದು ಬಾಕಿ. ಅವ್ವ ಮಂಚದ ಕಡೆ ಕೈ ಮಾಡಿದಳು.

"ನಂದೇನೈತ್ರಿ ಅದರಾಗ. ನಾ ಎಂದೂ ಮುಟ್ಟಿದಾಕಿ ಅಲ್ಲ. ಅವ್ರನ್ನ ಕೇಳ್ರಿ."

ಅವರು ಮಂಚದ ಹತ್ತಿರ ಕೂತು ಅಪ್ಪನ ಕೈ ಹಿಡಿದು, ನನ್ನ ಹತ್ತಿರ ಇದ್ದರೆ ಹಾಡಾಗಿಯಾದರೂ ಇರುತ್ತವೆ, ಒಪ್ಪಿಕೊಳ್ಳಿ ಎಂದರು. ಎಬ್ಬಿಸಿ ಕಳಿಸಿದವನ ಎದುರು ಕೂತು ಹೀಗೆ ಕೇಳುವ ಸುಖವನ್ನು ಅವರು ಬಿಡಲಿಲ್ಲ, ಬಹಳ ಹೊತ್ತು ಕೇಳಿದರು. ಅಪ್ಪ ಕಪಾಟು ನೋಡಿದ, ಬೋಗುಣಿ ನೋಡಿದ. ಕೊನೆಗೆ ಎಡಗೈ ಎತ್ತಿ ಒಯ್ಯಿರಿ ಎಂದು ಬೀಸಿದ. ಈ ಸಲ ಅದು ನಟನೆಯಾಗಿರಲಿಲ್ಲ. ಅವ್ವನೂ ಅದಕ್ಕೆ ಅಡ್ಡ ಬರಲಿಲ್ಲ. ಬೇಡವೆಂಬ ಮಾತು ನನ್ನ ನಾಲಗೆಯವರೆಗೂ ಬಂದಿತ್ತು. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಅವರು ಪ್ಲೇಯರಿಗೆ ಬೆಲ್ಟು ಏರಿಸಿ, ಮುಳ್ಳು ಬದಲಿಸಿ, ಒಂದೊಂದೇ ತೆಗೆದು ಕಟ್ಟತೊಡಗಿದರು. ಕೊನೆಗೆ ಉಳಿದದ್ದು ಮದುವೆಯ ಹಾಡಿನ ರೆಕಾರ್ಡು. ಓರೆ ಮಾಡಿ ನೋಡಿ, ಇದು ಗೀರು ಬಿದ್ದೈತಿ, ಬ್ಯಾಡ, ಇಲ್ಲೇ ಇರಲಿ ಎಂದು ನನ್ನ ಕೈಗೆ ಕೊಟ್ಟರು. ಮಂಚದ ಮೇಲೆ ಅಪ್ಪನ ಮುಖ ಸಡಿಲಾಯಿತು. ಒಂದಾದರೂ ಉಳಿಯಿತಲ್ಲ ಎನ್ನುವ ಹಾಗೆ.

ಅಷ್ಟರಲ್ಲಿ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಮೊಣಕೈವರೆಗೂ ಎಣ್ಣೆ, ಬೆರಳಿಗೆಲ್ಲ ಹಿಟ್ಟು. ನಾನು ಅಂಚಿನಲ್ಲಿ ಹಿಡಿದಿದ್ದ ರೆಕಾರ್ಡನ್ನು ಬಿಡಿಸಿಕೊಂಡು, ಅದರ ಮೈಗೆ ಅಂಗೈ ಇಟ್ಟು ಒತ್ತಿದಳು. ಮಗುಚಿ ಇನ್ನೊಂದು ಬದಿಗೂ ಒತ್ತಿದಳು. ಕಪ್ಪು ಪ್ಲೇಟಿನ ಮೇಲೆ ಐದೂ ಬೆರಳು ಎಣ್ಣೆಯಲ್ಲಿ ಮೂಡಿದವು. ಮಂಚದಿಂದ ಮತ್ತೆ ಆ ಸದ್ದು ಬಂತು. ಅವ್ವ ತಾನೇ ಪ್ಲೇಟನ್ನು ಕೂರಿಸಿ, ತಾನೇ ಮುಳ್ಳು ಇಳಿಸಿದಳು. ಎಲ್ಲಿ ನೋಡಿ ಕಲಿತಿದ್ದಳೋ, ಹೊಸ್ತಿಲಾಚೆಯಿಂದಲೇ ಇರಬೇಕು.

ಚರಚರ ಸದ್ದಾಯಿತು, ಹಾಡು ಬಂತು. ಚೆನ್ನಾಗಿಯೇ ಬಂತು. ಆ ಸಾಲಿಗೆ ಬಂದಾಗ ಸಿಕ್ಕಿಕೊಂಡಿತು, ಯಾವಾಗಿನಂತೆ. ಅದೇ ಸಾಲು, ಮತ್ತೆ ಅದೇ ಸಾಲು. ಅವ್ವ ಹಿಟ್ಟು ಮೆತ್ತಿದ ಒಂದು ಬೆರಳಿನಿಂದ ಮುಳ್ಳಿನ ಕಡ್ಡಿಯನ್ನು ಸ್ವಲ್ಪ ನೂಕಿದಳು. ಹಾಡು ಮುಂದೆ ಹೋಯಿತು. ನಾನೂ ಕೇಳದಿದ್ದ ಸಾಲುಗಳು ಅವು. ಅಂಥ ವಿಶೇಷವೇನೂ ಇರಲಿಲ್ಲ, ತವರು, ತೊಟ್ಟಿಲು, ಅದೇ ಮಾತು. ಅವ್ವ ನಿಂತಲ್ಲೇ ಕೊನೆಯವರೆಗೂ ಕೇಳಿದಳು. ಅವಳ ಮುಖದಲ್ಲಿ ದುಃಖವಿರಲಿಲ್ಲ, ಸಂತೋಷವೂ ಇರಲಿಲ್ಲ. ಖಾರ ಹದಕ್ಕೆ ಬಂತೇ ಎಂದು ನೋಡುವಾಗಿನ ಮುಖ ಅದು.

ಹಾಡು ಮುಗಿದ ಮೇಲೆ ಹಿರೇಕೆರೂರಿನವರ ಕಡೆ ತಿರುಗಿ, ಎಣ್ಣಿ ತಾಗಿದ್ರ ಇದು ಕೆಡತೈತೇನ್ರಿ ಎಂದು ಕೇಳಿದಳು. ಅವರಿಗೆ ನಮ್ಮ ಮನೆಯ ಪುರಾಣ ಗೊತ್ತಿರಲಿಲ್ಲ. ಎಲ್ಲಿ ಕೆಡತೈತ್ರಿ, ಅಂಟುವಾಳದ ನೀರಾಗ ತೊಳದ್ರ ಹೋತು, ನಿಮ್ಮ ಯಜಮಾನ್ರಿಗೆ ಗೊತ್ತಿಲ್ಲದ್ದಾ ಎಂದರು.

ಅವ್ವ ಅಪ್ಪನನ್ನು ನೋಡಿದಳು. ಆ ನೀರನ್ನು ಅಷ್ಟು ವರ್ಷ ಕುದಿಸಿ ಕೊಟ್ಟವಳಿಗೆ ಅದು ಈಗ ಗೊತ್ತಾಗಬೇಕಾದದ್ದೇನೂ ಆಗಿರಲಿಲ್ಲ. ಅಪ್ಪನ ಬಾಯಿಂದ ಆಡಿಸಲಾಗದ್ದನ್ನು ಅಪ್ಪನ ಕಿವಿಗೆ ಇನ್ನೊಬ್ಬರ ಬಾಯಿಂದ ಹಾಕಿಸಿದಳು, ಅಷ್ಟೇ. ಆಮೇಲೆ ಪ್ಲೇಟು ಎತ್ತಿ, ಗೀರು ಬಿದ್ದಿದ್ರೂ ಇದನ್ನೂ ಒಯ್ರಿ, ಎಲ್ಲಾ ಅಂದ್ರ ಎಲ್ಲಾ ಎಂದು ಅವರ ಮುಂದೆ ಹಿಡಿದಳು.

ಆಗ ಅಪ್ಪನ ಎಡಗೈ ಎದ್ದಿತು. ಪ್ಲೇಯರಿನ ಕಡೆ ತೋರಿಸಿತು, ಒಂದು ಬೆರಳು ನಿಂತಿತು. ಇನ್ನೊಮ್ಮೆ. ಈ ಸಲ ಮುಚ್ಚಿಟ್ಟುಕೊಳ್ಳುವುದಕ್ಕೆ ಹೋಗಲಿಲ್ಲ ಅವನು, ಬೇಕು ಎಂದು ಕಣ್ಣಲ್ಲೇ ಬೇಡುತ್ತಿದ್ದ. ಇನ್ನೊಮ್ಮೆ ಕೇಳಿ ಕಳಿಸೋಣ ಎಂದು ನಾನು ಅವ್ವನ ಕಡೆ ನೋಡಿದೆ.

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಬಾಯಿ ಅಷ್ಟ ಹೋಗೈತಿ ಅಂತ ತಿಳಿದಿದ್ನಿ. ನಿಮ್ಮ ಕಿವ್ಯಾಗೂ ಎಣ್ಣಿ ಹೊಕ್ಕೈತ್ರಿ."

ಹಿರೇಕೆರೂರಿನವರು ಗಂಡಹೆಂಡಿರ ಚೇಷ್ಟೆ ಎಂದುಕೊಂಡು ಜೋರಾಗಿ ನಕ್ಕರು. ಅಪ್ಪ ಅವರನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ, ಇನ್ನೂ ಆಡುವ ಅರ್ಧ ಮುಖದಲ್ಲಿ, ಅವನೂ ನಕ್ಕ. ಬಂದವರು ನಗುತ್ತಿದ್ದರು.

ನಾನು ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ಕವರಿಗೆ ಹಾಕಿ ಅವರ ಕೈಗೆ ಕೊಟ್ಟೆ. ಅವ್ವ ಆಗಲೇ ಒಳಗೆ ಹೋಗಿ ಹಿಟ್ಟು ಒತ್ತುತ್ತಿದ್ದಳು.